ಫೋಟೋ ನೋಡಿ ಹೆಸರು ಹೇಳಿ ಅಂದರೆ ಹೇಗೆ? ಒಂದು ಕಡಲಸೌತೆಯ ಕತೆ

ಲಕ್ಷದ್ವೀಪಕ್ಕೋ ಅಂಡಮಾನ್‌ಗೋ ಹೋಗಿ ಬಂದ ಪರಿಚಯದವರು ತಪ್ಪದೆ ನನಗೊಂದು ಫೋಟೋ ಕಳಿಸುತ್ತಾರೆ. ಮೊಣಕಾಲುದ್ದ ನೀರು, ಬಿಳಿ ಮರಳು, ಅದರ ಮೇಲೆ ಕಪ್ಪಗೆ ಉದ್ದಕ್ಕೆ ಬಿದ್ದಿರುವ ಏನೋ ಒಂದು. ಕೆಳಗೆ ಒಂದೇ ಸಾಲು: "ಇದ್ಯಾವ ಜೀವಿ?" ಕಡಲಸೌತೆ, ಅಂದರೆ ಸೀ ಕುಕುಂಬರ್, ಅಂತ ಉತ್ತರ ಹಾಕುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ: "ಅದು ಗೂಗಲ್ಲೇ ಹೇಳ್ತು, ಅದರಲ್ಲಿ ಯಾವುದು?" ಪ್ರಾಣಿಶಾಸ್ತ್ರ ಓದಿದವಳು ಅಂದ ಮೇಲೆ ಇಷ್ಟೂ ಗೊತ್ತಿಲ್ಲವಾ ಅನ್ನುವ ಧಾಟಿ ಅದರಲ್ಲಿರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಇಲ್ಲೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮೇಲೆ ಲಿಂಕ್ ಕಳಿಸಿದರಾಯಿತು.

ಹಕ್ಕಿಯೋ ಚಿಟ್ಟೆಯೋ ಆದರೆ ಫೋಟೋ ನೋಡಿ ಬಹುಪಾಲು ಹೇಳಬಹುದು. ಕೊಕ್ಕಿದೆ, ರೆಕ್ಕೆಯ ಪಟ್ಟಿ ಇದೆ. ಕಡಲಸೌತೆಗೆ ಮುಖವೇ ಇಲ್ಲ. ಕಣ್ಣಿಲ್ಲ, ಬಣ್ಣಕ್ಕೆ ನಿಯತ್ತಿಲ್ಲ. ಮುಟ್ಟಿದರೆ ಮುದುಡಿ ಗಟ್ಟಿಯಾಗುತ್ತದೆ, ಬಿಟ್ಟರೆ ನಿಧಾನಕ್ಕೆ ಚಾಚಿಕೊಳ್ಳುತ್ತದೆ, ಹಾಗಾಗಿ ಉದ್ದ ಅಳೆದರೂ ಆ ಅಳತೆಗೆ ಅರ್ಥ ಕಮ್ಮಿ. ತೂಕ ನೋಡೋಣ ಅಂದರೆ ಒಳಗೆ ನೀರು ಎಷ್ಟು, ಹೊಟ್ಟೆಯಲ್ಲಿ ಮರಳೆಷ್ಟು ಅಂತ ಯಾರಿಗೆ ಗೊತ್ತು?

ಕೆಲವನ್ನು ಫೋಟೋದಲ್ಲೇ ಹೇಳಬಹುದು, ಇಲ್ಲವೆನ್ನುವುದಿಲ್ಲ. ಲಕ್ಷದ್ವೀಪದ ಲಗೂನ್‌ಗಳಲ್ಲಿ ಹೇರಳವಾಗಿ ಸಿಗುವ ಕಪ್ಪನೆಯದು ಹೊಲೊತೂರಿಯಾ ಆಟ್ರಾ (ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ್ದು). ಮೈಗೆಲ್ಲ ಮರಳು ಮೆತ್ತಿಕೊಂಡು, ಬೆನ್ನ ಮೇಲೆ ಎರಡು ಸಾಲಿನಲ್ಲಿ ದುಂಡು ದುಂಡಗೆ ಖಾಲಿ ಜಾಗ ಬಿಟ್ಟಿರುತ್ತದೆ. ಉಜ್ಜಿದರೆ ಕೈಗೆ ಕೆಂಪು ಬಣ್ಣ ಹತ್ತುತ್ತದೆ. ಅದೇ ಕಪ್ಪು, ಆದರೆ ಇನ್ನೂ ಉದ್ದ, ಇನ್ನೂ ಮೆತ್ತಗೆ, ಹಿಂಭಾಗವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿಕೊಂಡು ಮುಂಭಾಗ ಮಾತ್ರ ಹೊರಗೆ ಚಾಚಿಕೊಂಡಿದೆ, ಕೆಣಕಿದರೆ ಹಿಂದಿನಿಂದ ಬಿಳಿಯ ಅಂಟು ನೂಲು ಬಿಡುತ್ತದೆ ಅಂದರೆ ಅದು ಹೊಲೊತೂರಿಯಾ ಲ್ಯೂಕೊಸ್ಪೈಲೋಟಾ. ಆ ನೂಲು ಬಟ್ಟೆಗೆ ಹತ್ತಿದರೆ ಬಿಡಿಸುವುದು ಕಷ್ಟ. ಇಷ್ಟು ಸುಲಭದವು. ಆದರೆ ಇಡೀ ಜಗತ್ತಿನಲ್ಲಿ ಸುಮಾರು 1,700 ಪ್ರಭೇದಗಳಿವೆ, ಅವುಗಳಲ್ಲಿ ಬಹಳಷ್ಟು ಇಷ್ಟು ಧಾರಾಳವಾಗಿ ತಮ್ಮ ಗುರುತು ಬಿಟ್ಟುಕೊಡುವುದಿಲ್ಲ.

ಬಿಟ್ಟುಕೊಡದವುಗಳಲ್ಲಿ ನನಗೆ ಇಷ್ಟವಾದದ್ದು ಹೊಲೊತೂರಿಯಾ ಸ್ಕೇಬ್ರಾ. ಇಂಗ್ಲಿಷಿನವರು ಸ್ಯಾಂಡ್‌ಫಿಶ್ ಅನ್ನುತ್ತಾರೆ, ಮೀನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲದಿದ್ದರೂ. ತಮಿಳುನಾಡಿನ ರಾಮನಾಥಪುರದ ಕಡೆ ಕಡಲಸೌತೆಗೆಲ್ಲ ಕಡಲ್ ಅಟ್ಟೈ ಅಂತ ಹೆಸರು, ಇದಕ್ಕೆ ವೆಲ್ಲ ಅಟ್ಟೈ. ಆಫ್ರಿಕಾದ ಪೂರ್ವ ತೀರದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ, ತೀರಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಅದರಲ್ಲೂ ಕಡಲಹುಲ್ಲು ಬೆಳೆದ ಕೆಸರು ಮರಳಿನಲ್ಲಿ ಇರುತ್ತದೆ. ಒಂದು ಗೇಣಿನ ಆಸುಪಾಸು ಉದ್ದ, ಕೆಲವು ಒಂದೂವರೆ ಗೇಣು ದಾಟುತ್ತವೆ. ಬೆನ್ನು ಬೂದಿಯಿಂದ ಕಪ್ಪಿನವರೆಗೆ ಯಾವುದೂ ಆಗಬಹುದು, ಅಡ್ಡಡ್ಡ ಸುಕ್ಕುಗಳು, ಸುಕ್ಕಿನ ಸಂದಿಯಲ್ಲಿ ಗಾಢ ಬಣ್ಣ. ಹೊಟ್ಟೆ ಬೆಳ್ಳಗೆ, ಮೇಲೆ ಸಣ್ಣ ಸಣ್ಣ ಚುಕ್ಕಿ. ಬಾಯಿ ಕೆಳಮುಖವಾಗಿದೆ, ಅದರ ಸುತ್ತ 20 ಗಿಡ್ಡ ಸ್ಪರ್ಶಾಂಗಗಳು. ಅವುಗಳಿಂದ ಮರಳು ಎತ್ತಿ ಬಾಯಿಗೆ ಹಾಕಿಕೊಂಡು, ಮರಳಿಗೆ ಅಂಟಿದ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಚೂರು ಅರಗಿಸಿಕೊಂಡು, ಉಳಿದ ಮರಳನ್ನು ಹಿಂದಿನಿಂದ ಬಿಟ್ಟುಕೊಂಡು ಹೋಗುವುದೇ ಅದರ ದಿನಚರಿ. ಉಸಿರಾಟವೂ ಹಿಂದಿನಿಂದಲೇ. ಗುದದ ಮೂಲಕ ನೀರು ಒಳಗೆಳೆದುಕೊಂಡು ಮರದ ಕೊಂಬೆಗಳ ಹಾಗೆ ಕವಲೊಡೆದ ಎರಡು ಅಂಗಗಳಿಗೆ ತುಂಬುತ್ತದೆ. ಈ ವಿಷಯ ಹೇಳಿದಾಗ ನಗದವರು ಇಲ್ಲ.

ಇದು ನಕ್ಷತ್ರಮೀನಿನ ಬಳಗದ ಪ್ರಾಣಿ, ಅಂದರೆ ಕಂಟಕಚರ್ಮಿ, ಮುಳ್ಳುಚರ್ಮದ್ದು. ನಂಬಿಕೆ ಬರದಿದ್ದರೆ ಅಡ್ಡಕ್ಕೆ ಕೊಯ್ದ ಚಿತ್ರವೊಂದನ್ನು ನೋಡಿ: ಉದ್ದುದ್ದ ಸ್ನಾಯುಪಟ್ಟಿಗಳು ಐದು ಕಡೆ ಇರುತ್ತವೆ. ನಕ್ಷತ್ರಮೀನಿನ ಐದು ತೋಳು ಇಲ್ಲಿ ಮೈಯ ಉದ್ದಕ್ಕೂ ಒಳಗೆ ಅಡಗಿವೆ. ಕಂಟಕ ಎಲ್ಲಿ ಅಂತ ಕೇಳಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ. ಇಡೀ ಕತೆ ನಿಂತಿರುವುದೇ ಅದರ ಮೇಲೆ.

ಈ ಪ್ರಾಣಿಗೆ ಹೊಲೊತೂರಿಯಾ ಸ್ಕೇಬ್ರಾ ಅಂತ ಹೆಸರಿಟ್ಟವರು ಯೇಗರ್ ಅನ್ನುವವರು, 1833ರಲ್ಲಿ, ಜ್ಯೂರಿಕ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ. ಲಕ್ಷದ್ವೀಪದ ಆ ಕಪ್ಪು ಆಟ್ರಾ ಕೂಡ ಅದೇ ಪ್ರಬಂಧದ್ದು. ಸಮುದ್ರವೇ ಇಲ್ಲದ ದೇಶದಲ್ಲಿ ಕೂತು ಸಮುದ್ರದ ಪ್ರಾಣಿಗೆ ಹೆಸರಿಟ್ಟದ್ದು ವಿಚಿತ್ರ ಅನಿಸಬಹುದು. ಆ ಕಾಲಕ್ಕೆ ಅದು ಮಾಮೂಲು. ಹಡಗುಗಳಲ್ಲಿ ಜಾಡಿಗಳು ಬರುತ್ತಿದ್ದವು, ಯುರೋಪಿನ ಪಂಡಿತರು ಜಾಡಿ ಬಿಚ್ಚಿ ವರ್ಣನೆ ಬರೆಯುತ್ತಿದ್ದರು. ಸ್ಕೇಬ್ರಾ ಬಂದದ್ದು ಸೆಲೆಬೆಸ್‌ನಿಂದ, ಅಂದರೆ ಈಗಿನ ಇಂಡೋನೇಷ್ಯಾದ ಸುಲಾವೆಸಿಯಿಂದ.

ಸುಲಾವೆಸಿ ಸುಮ್ನೆ ಆಯ್ದ ಜಾಗವಲ್ಲ. ಅಲ್ಲಿನ ಮಕಾಸ್ಸರ್ ಬಂದರು ಒಣಗಿಸಿದ ಕಡಲಸೌತೆಯ ವ್ಯಾಪಾರಕ್ಕೆ ಹೆಸರಾಗಿತ್ತು. ಅದಕ್ಕೆ ತ್ರಿಪಾಂಗ್ ಅನ್ನುತ್ತಿದ್ದರು, ಕೊಳ್ಳುವವರು ಚೀನಿಯರು. ಮಕಾಸ್ಸರ್‌ನ ಹಾಯಿದೋಣಿಗಳು ಮಳೆಗಾಳಿ ಹಿಡಿದು ಆಸ್ಟ್ರೇಲಿಯಾದ ಉತ್ತರ ತೀರದವರೆಗೂ ಹೋಗಿ, ಅಲ್ಲಿನ ಮೂಲನಿವಾಸಿಗಳ ನೆಲದಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ, ಕಡಲಸೌತೆ ಹಿಡಿದು, ಬೇಯಿಸಿ, ಹೊಗೆ ಹಾಕಿ ಒಣಗಿಸಿ ವಾಪಸ್ ತರುತ್ತಿದ್ದವು. 1803ರಲ್ಲಿ ಆಸ್ಟ್ರೇಲಿಯಾವನ್ನು ಸುತ್ತುತ್ತಿದ್ದ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ಗೆ ಅಂಥ ಒಂದು ದೋಣಿ ತಂಡ ಎದುರಾಗಿತ್ತು. ಅದರ ಮುಖಂಡನ ಹೆಸರು ಪೊಬಾಸ್ಸು. ಯೇಗರ್ ಜಾಡಿ ಬಿಚ್ಚುವುದಕ್ಕೆ ಮೂವತ್ತು ವರ್ಷ ಮುಂಚೆಯೇ ಸ್ಕೇಬ್ರಾ ಎಲ್ಲಿ ಸಿಗುತ್ತದೆ, ಯಾವಾಗ ಮರಳಿನಿಂದ ಮೇಲೆ ಬರುತ್ತದೆ, ಎಷ್ಟು ಬೇಯಿಸಬೇಕು ಅಂತ ಪೊಬಾಸ್ಸುವಿನಂಥವರಿಗೆ ಚೆನ್ನಾಗಿ ಗೊತ್ತಿತ್ತು. ಹೆಸರಿನ ಪಕ್ಕ ಬರೆಯುವುದು ಮಾತ್ರ ಯೇಗರ್, 1833.

ಯೇಗರ್ ಹೆಸರಿಟ್ಟ ಮೇಲೆ ವಿಷಯ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ.

ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾದಲ್ಲಿ ಎರಡು ಥರದ ಸ್ಯಾಂಡ್‌ಫಿಶ್ ಇದೆ ಅಂತ ಮೀನುಗಾರರೂ ವ್ಯಾಪಾರಿಗಳೂ ಬೇರೆ ಮಾಡಿ ನೋಡುತ್ತಿದ್ದರು. ಒಂದು ಮಾಮೂಲಿ ಬೂದು-ಕಪ್ಪು. ಇನ್ನೊಂದು ಸ್ವಲ್ಪ ದೊಡ್ಡದು, ದಪ್ಪ. ಬಣ್ಣವಂತೂ ಒಂದೊಂದರದು ಒಂದೊಂದು: ಕೆಲವು ಪೂರ್ತಿ ಕಪ್ಪು, ಕೆಲವು ತಿಳಿ ಕಂದು, ಕೆಲವು ತಿಳಿ ಕಂದಿನ ಮೇಲೆ ಕಪ್ಪು ಮಚ್ಚೆ. ಅಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವಿಜ್ಞಾನಿ ಶಾಂತಾಲ್ ಕೊನಾಂಡ್ 1986ರಲ್ಲಿ ಈ ಎರಡನೆಯದನ್ನು ಹೊಲೊತೂರಿಯಾ ಸ್ಕೇಬ್ರಾದ ಒಂದು ವಿಧ ಅಂತ ಗುರುತಿಸಿ ವರ್ಸಿಕಲರ್ ಅಂತ ಕರೆದರು. ಹೆಸರು ಹಿಡಿಯಿತು. ಮುಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಎಲ್ಲರೂ ವರದಿಗಳಲ್ಲಿ ಹಾಗೇ ಬರೆದರು.

ಪ್ರಾಣಿಗಳಿಗೆ ಹೆಸರಿಡಲು ಒಂದು ಅಂತಾರಾಷ್ಟ್ರೀಯ ನಿಯಮಾವಳಿ ಇದೆ. ಕಾನೂನು ಪುಸ್ತಕದ ಥರವೇ, ಕಲಮು, ಉಪಕಲಮು ಎಲ್ಲ ಇರುವ ಪುಸ್ತಕ. ಅದರ ಪ್ರಕಾರ 1960ರ ನಂತರ ಯಾರಾದರೂ 'ಇದು ಇಂಥ ಪ್ರಭೇದದ ಒಂದು ವಿಧ' ಅಂತ ಹೇಳಿ ಹೆಸರಿಟ್ಟರೆ ಆ ಹೆಸರು ಲೆಕ್ಕಕ್ಕಿಲ್ಲ. ಹಳೆಯದಾಗಿದ್ದರೆ ಉಳಿಯುವ ದಾರಿ ಇತ್ತು. 1986ರ ವರ್ಸಿಕಲರ್‌ಗೆ ಇರಲಿಲ್ಲ. ಅಂದರೆ ಎಲ್ಲರೂ ಬಳಸುತ್ತಿದ್ದ ಒಂದು ಹೆಸರು, ಪುಸ್ತಕದ ಪ್ರಕಾರ ಹೆಸರೇ ಅಲ್ಲ. ನನಗೆ ಈ ನಿಯಮ ಕಿರಿಕಿರಿ ಅನಿಸಿದರೂ ಅದರ ಹಿಂದೊಂದು ತರ್ಕ ಇದೆ. ಬಣ್ಣ ಬೇರೆ, ಸೈಜು ಬೇರೆ ಅಂತ ಕಂಡಕಂಡದ್ದಕ್ಕೆಲ್ಲ ವಿಧ ಅಂತ ಹೆಸರಿಡುತ್ತ ಹೋದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಬೇರೆ ಪ್ರಭೇದ ಅಂತ ಅನಿಸಿದರೆ ಹಾಗಂತ ಹೇಳಿ, ಕಾರಣ ಕೊಡಿ ಅನ್ನುತ್ತದೆ ನಿಯಮ.

ಕಾರಣ ಕೊಡಬೇಕಾದರೆ ಚರ್ಮದೊಳಗೆ ಇಣುಕಬೇಕು. ಆ ಕಂಟಕಗಳು ಇರುವುದು ಅಲ್ಲಿ. ಕಡಲಸೌತೆಯ ಚರ್ಮದ ತುಂಬ ಸುಣ್ಣದ ಸಣ್ಣ ಸಣ್ಣ ಎಲುಬುಗಳಿವೆ. ಲಕ್ಷಗಟ್ಟಲೆ. ಒಂದೊಂದೂ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಬರಿಗಣ್ಣಿಗೆ ಕಾಣುವುದಿಲ್ಲ. ಅವುಗಳಿಗೆ ಆಸಿಕಲ್ ಅನ್ನುತ್ತಾರೆ. ಯಾವ ಆಕಾರದವು, ಮೈಯ ಯಾವ ಭಾಗದಲ್ಲಿ ಯಾವುದು ಅನ್ನುವುದರ ಮೇಲೆ ಕಡಲಸೌತೆಗಳ ವರ್ಗೀಕರಣ ಬಹುಮಟ್ಟಿಗೆ ನಿಂತಿದೆ.

ನೋಡುವ ಕ್ರಮ ಅಡುಗೆಮನೆಯಲ್ಲೇ ಮಾಡಬಹುದಾದಷ್ಟು ಸರಳ. ಬೆನ್ನಿನಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ ಗಾಜಿನ ಸ್ಲೈಡಿನ ಮೇಲೋ ಸಣ್ಣ ಟ್ಯೂಬಿನಲ್ಲೋ ಇಡುವುದು. ಮೇಲೆ ಎರಡು ಮೂರು ಹನಿ ಬ್ಲೀಚ್, ಬಿಳಿ ಬಟ್ಟೆಗೆ ಹಾಕುವ ಅದೇ ದ್ರವ ಬ್ಲೀಚ್. ಗುಳ್ಳೆ ಏಳುತ್ತದೆ. ಚರ್ಮ ಮೊದಲು ಲೋಳೆಯಾಗಿ, ಆಮೇಲೆ ಕರಗಿ, ತಳದಲ್ಲಿ ಬಿಳಿಯ ಪುಡಿಯಂಥದ್ದು ಉಳಿಯುತ್ತದೆ. ಅದೇ ಎಲುಬುಗಳು. ಮೇಲಿನ ದ್ರವವನ್ನು ಹುಷಾರಾಗಿ ಪಿಪೆಟ್‌ನಲ್ಲಿ ಎಳೆದು, ಡಿಸ್ಟಿಲ್ಡ್ ವಾಟರ್ ಹಾಕಿ ನಾಲ್ಕೈದು ಸಲ ತೊಳೆಯಬೇಕು. ಇಲ್ಲದಿದ್ದರೆ ಬ್ಲೀಚಿನ ಉಪ್ಪು ಹರಳುಗಟ್ಟಿ ಎಲುಬು ಯಾವುದು ಹರಳು ಯಾವುದು ತಿಳಿಯುವುದಿಲ್ಲ. ಕೊನೆಗೆ ಒಂದೆರಡು ಹನಿ ಆಲ್ಕೋಹಾಲ್, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗೆ. ಚರ್ಮ ಕರಗಿಸಲು ಆಸಿಡ್ ಮಾತ್ರ ಮುಟ್ಟಬಾರದು, ಸುಣ್ಣವೇ ಕರಗಿಹೋಗುತ್ತದೆ.

ಸ್ಕೇಬ್ರಾದ ಸ್ಲೈಡ್‌ನಲ್ಲಿ ಮುಖ್ಯವಾಗಿ ಎರಡು ಥರದವು ಕಾಣುತ್ತವೆ. ಒಂದಕ್ಕೆ ಟೇಬಲ್ ಅಂತ ಹೆಸರು: ತೂತುಗಳಿರುವ ಒಂದು ತಟ್ಟೆ, ಅದರ ಮೇಲೆ ನಾಲ್ಕು ಕಂಬ, ಕಂಬಗಳನ್ನು ಹಿಡಿದಿಡುವ ಅಡ್ಡಪಟ್ಟಿ, ತುದಿಯಲ್ಲಿ ಮುಳ್ಳುಮುಳ್ಳಾದ ಕಿರೀಟ. ಇನ್ನೊಂದಕ್ಕೆ ಬಟನ್: ಅಂಗಿ ಗುಂಡಿಯ ಥರ ಉದ್ದುರುಟು, ಮಧ್ಯೆ ಜೋಡಿ ಜೋಡಿ ತೂತು, ಮೇಲೆಲ್ಲ ಉಬ್ಬು ಗಂಟುಗಳು. ಈ ಗಂಟುಗಟ್ಟಿದ ಬಟನ್ ನೋಡಿದ ಕೂಡಲೇ ಬಲ್ಲವರು ಹೊಲೊತೂರಿಯಾದೊಳಗಿನ ಯಾವ ಉಪಗುಂಪು ಅಂತ ಊಹಿಸುತ್ತಾರೆ. ಸ್ಪರ್ಶಾಂಗದ ಚರ್ಮದಲ್ಲಿ ಬೇರೆಯೇ, ಮುಳ್ಳಿರುವ ಕಡ್ಡಿಗಳು. ಅದಕ್ಕೇ ಒಂದು ಕಡೆಯ ಚರ್ಮ ಸಾಲದು. ಬೆನ್ನು, ಹೊಟ್ಟೆ, ಕೊಳವೆಗಾಲು, ಸ್ಪರ್ಶಾಂಗ, ಎಲ್ಲ ಕಡೆಯಿಂದಲೂ ತೆಗೆಯಬೇಕು. ಇದರ ಮೇಲೆ ಇನ್ನೊಂದು ಗೋಳು: ಮರಿಯ ಚರ್ಮದ ಎಲುಬುಗಳೂ ಬೆಳೆದದ್ದರ ಎಲುಬುಗಳೂ ಒಂದೇ ಥರ ಇರುವುದಿಲ್ಲ. ಬೆಳೆಯುತ್ತ ಬೆಳೆಯುತ್ತ ಬದಲಾಗುತ್ತವೆ. ಸ್ಕೇಬ್ರಾ ಮರಿಗಳನ್ನು ಸಾಕಿ, ಹಂತಹಂತವಾಗಿ ಚರ್ಮ ನೋಡಿ ಇದನ್ನು ತೋರಿಸಿದ್ದಾರೆ. ಇದು ಗೊತ್ತಿಲ್ಲದೆ ಮರಿಯನ್ನು ಹೊಸ ಪ್ರಭೇದ ಅಂತ ಬರೆದುಬಿಡುವುದು ಎಷ್ಟು ಸುಲಭ ನೋಡಿ.

ನಾನು ಓದಿದ ವಿಭಾಗದ ಮ್ಯೂಸಿಯಂನಲ್ಲಿ ಒಂದು ಹಳೆಯ ಜಾಡಿ ಇತ್ತು. ಯಾವುದೋ ಕಾಲದ ಬ್ಯಾಚು ತಮಿಳುನಾಡಿನ ತೀರದ ಮಂಡಪಂಗೆ ಸ್ಟಡಿ ಟೂರ್ ಹೋದಾಗ ತಂದದ್ದು, ಆಗಿನ್ನೂ ಕಡಲಸೌತೆ ಹಿಡಿಯುವುದಕ್ಕೆ ನಿಷೇಧ ಇರಲಿಲ್ಲ. ಕರ್ನಾಟಕದ ಪ್ರಾಣಿಶಾಸ್ತ್ರದ ಹುಡುಗರಿಗೆ ಮಂಡಪಂ, ರಾಮೇಶ್ವರ ಅಂದರೆ ತೀರ್ಥಯಾತ್ರೆಯೂ ಹೌದು, ಪ್ರಾಕ್ಟಿಕಲ್ಲೂ ಹೌದು. ಜಾಡಿಯ ಲೇಬಲ್ ಮೇಲೆ ಹೊಲೊತೂರಿಯಾ ಅಂತ ಮಾತ್ರ ಇತ್ತು, ಮುಂದೆ ಏನೂ ಇಲ್ಲ. ತಾರೀಕಿಲ್ಲ, ಆಳವಿಲ್ಲ, ಜಾಗವಿಲ್ಲ. ಮೇಷ್ಟ್ರ ಅನುಮತಿ ತಗೊಂಡು ಅದರ ಚರ್ಮದ ಚೂರು ತೆಗೆದು ಮೇಲೆ ಹೇಳಿದ ಹಾಗೆಲ್ಲ ಮಾಡಿದೆ. ಸ್ಲೈಡ್ ಖಾಲಿ. ಹೊಟ್ಟೆಯ ಕಡೆಯಿಂದ ತೆಗೆದೆ, ಅದೂ ಖಾಲಿ. ಮೇಷ್ಟ್ರು ಜಾಡಿ ಮೂಸಿ ನೋಡಿ, "ಫಾರ್ಮಲಿನ್ ಕಣಮ್ಮ, ಇದರಲ್ಲಿ ಇನ್ನೇನೂ ಉಳಿದಿರಲ್ಲ" ಅಂದರು. ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗುತ್ತದೆ, ಆಸಿಡ್ ಆಗುತ್ತದೆ, ಒಳಗಿನ ಸುಣ್ಣವನ್ನೆಲ್ಲ ತಿಂದುಹಾಕುತ್ತದೆ. ಹೊರಗಿನಿಂದ ಪ್ರಾಣಿ ಚೆಂದಾಗಿ ಕೂತಿರುತ್ತದೆ, ಹೆಸರು ಹೇಳಬಲ್ಲ ಭಾಗ ಮಾತ್ರ ಕರಗಿಹೋಗಿರುತ್ತದೆ. ಒಂದು ಪ್ರಾಣಿಯ ಜೀವ ತೆಗೆದು, ಅಷ್ಟು ದೂರ ಹೊತ್ತು ತಂದು, ಎಷ್ಟೋ ವರ್ಷ ಕಪಾಟಿನಲ್ಲಿಟ್ಟು, ಕೊನೆಗೆ ಅದರಿಂದ ಏನೂ ತಿಳಿಯದ ಹಾಗೆ ಮಾಡಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಆಲ್ಕೋಹಾಲ್‌ನಲ್ಲಿ ಇಟ್ಟಿದ್ದರೆ ಸಾಕಿತ್ತು. ಟೇಬಲ್ಲು, ಬಟನ್ನು ಎಲ್ಲ ನಾನು ನೋಡಿದ್ದು ಆಮೇಲೆ, ಬೇರೆ ಕಡೆ, ಯಾರೋ ಸರಿಯಾಗಿ ಕಾಪಾಡಿದ್ದ ಚರ್ಮದಲ್ಲಿ.

ಸರಿಯಾಗಿ ಮಾಡುವವರು ಹಿಡಿದ ಮೇಲೆ ಮೊದಲು ಪ್ರಾಣಿಯನ್ನು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ನೀರಿನಲ್ಲಿಟ್ಟು ಮಂಪರು ಬರಿಸುತ್ತಾರೆ. ಹಾಗೆ ಮಾಡದೆ ನೇರ ಆಲ್ಕೋಹಾಲಿಗೆ ಹಾಕಿದರೆ ಮುದುಡಿ ಕಲ್ಲಾಗುತ್ತದೆ, ಇಲ್ಲವೇ ಕರುಳನ್ನೆಲ್ಲ ಹೊರಗೆ ಕಕ್ಕಿಬಿಡುತ್ತದೆ. ಕರುಳು ಹೋದರೆ ಅರ್ಧ ಮಾಹಿತಿ ಹೋಯಿತು. ಯಾಕೆಂದರೆ ಒಳಗೆ ಗಂಟಲ ಸುತ್ತ ಹತ್ತು ತುಂಡುಗಳ ಒಂದು ಸುಣ್ಣದ ಬಳೆ ಇರುತ್ತದೆ, ಅದರ ಆಕಾರ ಬರೆಯಬೇಕು. ಜನನಾಂಗ ಒಂದು ಗೊಂಚಲೋ ಎರಡು ಗೊಂಚಲೋ ನೋಡಬೇಕು. ಹೊಲೊತೂರಿಯಾದ ಕುಟುಂಬದಲ್ಲಿ ಒಂದು, ಸ್ಟೈಕೋಪಸ್ ಅನ್ನುವ ಇನ್ನೊಂದು ಥರದ ಕಡಲಸೌತೆಯ ಕುಟುಂಬದಲ್ಲಿ ಎರಡು. ಅಂಟುನೂಲು ಇದೆಯೋ ಇಲ್ಲವೋ ಅದೂ ಬೇಕು, ಸ್ಕೇಬ್ರಾಗೆ ಇಲ್ಲ. ಬದುಕಿದ್ದಾಗಿನ ಬಣ್ಣ ಬರೆದಿಡದಿದ್ದರೆ ಆಮೇಲೆ ಸಿಗುವುದಿಲ್ಲ, ಆಲ್ಕೋಹಾಲ್ ಬಣ್ಣವನ್ನೆಲ್ಲ ಎಳೆದುಕೊಂಡುಬಿಡುತ್ತದೆ.

ವರ್ಸಿಕಲರ್ ವಿಷಯಕ್ಕೆ ಬಂದರೆ, ಅಲ್ಲಿ ಎಲುಬು ಒಂದೇ ಸಾಲುತ್ತಿರಲಿಲ್ಲ. ಸ್ಕೇಬ್ರಾಗೆ ಅದು ಅಷ್ಟು ಹತ್ತಿರದ ನಂಟು. 2005ರಲ್ಲಿ ಸ್ವೆನ್ ಉಥಿಕೆ, ಸ್ಟೀವನ್ ಪರ್ಸೆಲ್ ಮತ್ತು ಜೊತೆಗಾರರು ನ್ಯೂ ಕ್ಯಾಲೆಡೋನಿಯಾದ ಪ್ರಾಣಿಗಳ ಡಿಎನ್‌ಎ, ಕಿಣ್ವಗಳನ್ನು ಹೋಲಿಸಿ ನೋಡಿದರು. ಎರಡೂ ಬೇರೆ ಬೇರೆ ಅಂತ ಗೊತ್ತಾಯಿತು. ಅದರ ಜೊತೆಗೆ ಒಂದು ತಕರಾರೂ ಬಂತು: ಎರಡರ ಮಧ್ಯೆ ಹುಟ್ಟಿದ ಬೆರಕೆ ಪ್ರಾಣಿಗಳೂ ಅಲ್ಲಿದ್ದವು. ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದೇನು? ಬೇರೆ ಬೇರೆ ಪ್ರಭೇದಗಳು ಕೂಡಿ ಮರಿ ಮಾಡುವುದಿಲ್ಲ ಅಂತ. ಇಲ್ಲಿ ಮಾಡಿದ್ದವು. ಹಾಗಿದ್ದೂ ಎರಡು ಗುಂಪುಗಳು ಬೆರೆತು ಒಂದಾಗಿರಲಿಲ್ಲ, ತಮ್ಮ ತಮ್ಮ ಗಡಿ ಉಳಿಸಿಕೊಂಡಿದ್ದವು. ಕಡಲಸೌತೆಗಳು ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತವೆ, ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಬಿಟ್ಟರೆ ಅಲ್ಲೊಂದು ಇಲ್ಲೊಂದು ಬೆರಕೆ ಆಗುವುದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಶಾಲೆಯ ವ್ಯಾಖ್ಯಾನವನ್ನು ಇನ್ನಾದರೂ ಸ್ವಲ್ಪ ಸಡಿಲ ಮಾಡಿ ಪಾಠ ಮಾಡಬೇಕು.

2009ರಲ್ಲಿ ಕ್ಲೋಡ್ ಮಾಸಾಂ, ಉಥಿಕೆ, ಪರ್ಸೆಲ್, ಫ್ರಾಂಕ್ ರೋ, ಈವ್ ಸಾಮಿನ್, ಈ ಐದು ಜನ ಸೇರಿ ಅದಕ್ಕೆ ಪುಸ್ತಕದ ಪ್ರಕಾರ ಹೆಸರು ಕೊಟ್ಟರು: ಹೊಲೊತೂರಿಯಾ ಲೆಸೋನಿ. ಬೆಲ್ಜಿಯಂ, ಆಸ್ಟ್ರೇಲಿಯಾ, ಎಲ್ಲ ಕಡೆಯವರು. ಹೆಸರು ರೆನೆ ಲೆಸನ್ ನೆನಪಿಗೆ. 1822ರಿಂದ 1825ರವರೆಗೆ ಲಾ ಕೋಕಿ ಅನ್ನುವ ಫ್ರೆಂಚ್ ಹಡಗಿನಲ್ಲಿ ಜಗತ್ತು ಸುತ್ತಿದ ಪ್ರಕೃತಿಶಾಸ್ತ್ರಜ್ಞ ಆತ. ಯೇಗರ್‌ಗಿಂತ ಮೂರು ವರ್ಷ ಮೊದಲೇ, 1830ರಲ್ಲಿ, ಕೆಲವು ಕಡಲಸೌತೆಗಳನ್ನು ವರ್ಣಿಸಿದ್ದ. ವ್ಯಾಪಾರದಲ್ಲಿ ಲೆಸೋನಿಗೆ ಗೋಲ್ಡನ್ ಸ್ಯಾಂಡ್‌ಫಿಶ್ ಅನ್ನುತ್ತಾರೆ.

ಹೊಸ ಪ್ರಭೇದದ ವರ್ಣನೆ ಅಂದರೆ ಏನೋ ರೋಚಕವಾಗಿರುತ್ತದೆ ಅಂದುಕೊಳ್ಳಬೇಡಿ. ಓದಲು ಅದಕ್ಕಿಂತ ಒಣ ಬರಹ ಇನ್ನೊಂದಿಲ್ಲ. ಮೊದಲು ಈ ಗುಂಪಿಗೆ ಇದುವರೆಗೆ ಯಾರ್ಯಾರು ಯಾವ್ಯಾವ ಹೆಸರಿಟ್ಟಿದ್ದಾರೆ ಅನ್ನುವ ಪಟ್ಟಿ. ಇದು ಮುಖ್ಯ. ಯಾಕೆಂದರೆ ಇನ್ನೂರು ವರ್ಷದ ಹಿಂದೆ ಯಾರೋ ಇದೇ ಪ್ರಾಣಿಗೆ ಸರಿಯಾಗಿ ಹೆಸರಿಟ್ಟಿದ್ದರೆ ಅದೇ ನಿಲ್ಲುತ್ತದೆ, ನೀವು ಹೊಸದು ಇಡುವ ಹಾಗಿಲ್ಲ. ಹಳೆಯ ವರ್ಣನೆಗಳೋ ನಾಲ್ಕು ಸಾಲಿನವು, ಕೆಲವಕ್ಕೆ ಮೂಲ ಪ್ರಾಣಿಯೂ ಸಿಗುವುದಿಲ್ಲ. ಆಮೇಲೆ ಹೋಲೋಟೈಪ್: ಹೆಸರಿಗೆ ಆಧಾರವಾಗಿ ಒಂದೇ ಒಂದು ಪ್ರಾಣಿಯನ್ನು ಗೊತ್ತುಮಾಡಿ, ಮ್ಯೂಸಿಯಂನಲ್ಲಿಟ್ಟು, ಅದರ ನಂಬರ್ ಕೊಡಬೇಕು. ಮುಂದೆ ಯಾವ ಜಗಳ ಬಂದರೂ ಆ ಒಂದು ಪ್ರಾಣಿಯ ಹತ್ತಿರ ಹೋಗಿ ನೋಡಬೇಕು. ಆಮೇಲೆ ಬೇರೆ ಪ್ರಭೇದಗಳಿಂದ ಇದು ಹೇಗೆ ಬೇರೆ ಅಂತ ಚಿಕ್ಕದಾಗಿ, ಆಮೇಲೆ ಮೈಯ ಒಂದೊಂದು ಭಾಗ, ಒಂದೊಂದು ಥರದ ಎಲುಬು, ಅದರ ಅಳತೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ. ಬಟನ್‌ನಲ್ಲಿ ಎಷ್ಟು ಜೋಡಿ ತೂತು ಅಂತ ಎಣಿಸಿ ಬರೆಯುವವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಇಷ್ಟೆಲ್ಲ ಯಾಕೆ ಬೇಕು ಅಂತ ನನ್ನ ಅಣ್ಣ ಒಮ್ಮೆ ಕೇಳಿದ್ದ. ಅವನಿಗೆ ಹೇಳಿದ್ದು ದುಡ್ಡಿನ ಲೆಕ್ಕ, ಅವನಿಗೆ ಅದೇ ಬೇಗ ಅರ್ಥವಾಗುತ್ತದೆ. ಒಣಗಿಸಿದ ಸ್ಯಾಂಡ್‌ಫಿಶ್ ಹಾಂಗ್‌ಕಾಂಗ್ ಅಂಗಡಿಗಳಲ್ಲಿ ಕಿಲೋಗೆ ನೂರಾರು ಡಾಲರ್. ಆಟ್ರಾಗೆ ಅದರ ಒಂದು ಸಣ್ಣ ಪಾಲೂ ಸಿಗುವುದಿಲ್ಲ. ಇಷ್ಟು ಬೆಲೆ ಇರುವ ಪ್ರಾಣಿ ನಡೆದು ತಪ್ಪಿಸಿಕೊಳ್ಳುವುದೂ ಇಲ್ಲ, ಕಚ್ಚುವುದೂ ಇಲ್ಲ, ಸೊಂಟದುದ್ದ ನೀರಿನಲ್ಲಿ ಬಗ್ಗಿ ಹೆಕ್ಕಿಕೊಳ್ಳಬಹುದು. ಹೀಗಾಗಿ ಬಹಳ ಕಡೆ ಖಾಲಿಯಾಗಿದೆ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಸ್ಕೇಬ್ರಾ ಅಪಾಯದಂಚಿನ ಪ್ರಾಣಿ.

ಈಗ ಎರಡು ಪ್ರಭೇದವನ್ನು ಒಂದೇ ಅಂತ ಲೆಕ್ಕ ಬರೆದರೆ ಏನಾಗುತ್ತದೆ ನೋಡಿ. ಒಂದು ಖಾಲಿಯಾಗುತ್ತಿದ್ದರೂ ಇನ್ನೊಂದು ಸಿಗುತ್ತಿದ್ದರೆ ಒಟ್ಟು ಲೆಕ್ಕದಲ್ಲಿ ಎಲ್ಲ ಸರಿ ಇರುವ ಹಾಗೆ ಕಾಣುತ್ತದೆ. ಮರಿ ಮಾಡಿಸುವ ಕೇಂದ್ರದಲ್ಲಿ ಎರಡನ್ನೂ ಒಂದೇ ತೊಟ್ಟಿಗೆ ಹಾಕಿದರೆ ಬೆರಕೆ ಮರಿಗಳು ಹುಟ್ಟಿ, ಅವನ್ನು ಕಡಲಿಗೆ ಬಿಟ್ಟರೆ ಅಲ್ಲಿನ ತಳಿಯೇ ಕಲಸುಮೇಲೋಗರ. ಅಂದಹಾಗೆ ಸ್ಕೇಬ್ರಾವನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದ್ದು ಮೊದಲು ನಮ್ಮಲ್ಲೇ, 1988ರಲ್ಲಿ, ತೂತ್ತುಕುಡಿಯಲ್ಲಿ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಡಿ.ಬಿ. ಜೇಮ್ಸ್ ಅದನ್ನು ಸಾಧಿಸಿದವರು. ಇದೇ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೂ ಇದೆ, ಕಾರವಾರದಲ್ಲೂ ಇದೆ, ಆದರೆ ಈ ವಿಷಯ ನಮ್ಮ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಈಗ ಸಾಕಣೆಯ ವಿಷಯ ಬಂದರೆ ಎಲ್ಲರೂ ಮಡಗಾಸ್ಕರ್, ವಿಯೆಟ್ನಾಂ ಅನ್ನುತ್ತಾರೆ.

ನಮ್ಮ ಕಾನೂನು ಈ ಹೆಸರಿನ ರಗಳೆಯನ್ನೇ ತಪ್ಪಿಸಿಕೊಂಡಿತು. 1982ರಲ್ಲಿ ಮೊದಲು 75 ಮಿಲಿಮೀಟರಿಗಿಂತ ಚಿಕ್ಕದನ್ನು ರಫ್ತು ಮಾಡಬಾರದು ಅಂತ ಬಂತು. 2001ರಲ್ಲಿ ಎಲ್ಲ ಕಡಲಸೌತೆಗಳನ್ನೂ ಒಟ್ಟಿಗೆ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿ ಹಿಡಿಯುವುದನ್ನೇ ನಿಷೇಧಿಸಿದರು. ಯಾವ ಪ್ರಭೇದ ಅಂತ ಅರಣ್ಯ ಇಲಾಖೆಯವರು ಮೈಕ್ರೋಸ್ಕೋಪ್ ಹಿಡಿದು ಕೂರಬೇಕಿಲ್ಲ, ಅದು ಅನುಕೂಲ. ಆದರೆ ಮನ್ನಾರ್ ಖಾರಿಯ ಬಡ ಮೀನುಗಾರರು ಈಗಲೂ ಕೇಳುತ್ತಾರೆ, ಎಲ್ಲವೂ ಖಾಲಿಯಾಗಿಲ್ಲವಲ್ಲ, ಎಲ್ಲಕ್ಕೂ ಯಾಕೆ ನಿಷೇಧ ಅಂತ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಉತ್ತರ ಕೊಡಬೇಕಾದರೆ ಯಾವುದು ಎಷ್ಟಿದೆ ಅಂತ ಗೊತ್ತಿರಬೇಕು, ಎಷ್ಟಿದೆ ಅನ್ನಲು ಯಾವುದು ಅಂತ ಮೊದಲು ಗೊತ್ತಿರಬೇಕು. ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಕ್ರಮವೇ ಬೇರೆ, ಅಲ್ಲಿ ಪ್ರಭೇದದ ಹೆಸರು ಹಿಡಿದೇ ಪಟ್ಟಿ. 2019ರಲ್ಲಿ ಟೀಟ್‌ಫಿಶ್ ಅನ್ನುವ ಮೂರು ಹೊಲೊತೂರಿಯಾಗಳನ್ನು ಸೇರಿಸಿದರು. ಅದರಲ್ಲಿ ಎರಡು, ಹಿಂದೂ ಮಹಾಸಾಗರದ ನೊಬಿಲಿಸ್ ಮತ್ತು ಪೆಸಿಫಿಕ್‌ನ ವಿಟ್ಮೇಯಿ, ಬೇರೆ ಬೇರೆ ಅಂತ ಖಾತ್ರಿಯಾದದ್ದೇ 2004ರಲ್ಲಿ. ಅದಕ್ಕೂ ಮುಂಚೆ ಬಹಳ ಕಾಲ ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಿದ್ದರು, ಒಂದೇ ಹೆಸರಲ್ಲಿ ಎಣಿಸುತ್ತಿದ್ದರು.

ಲಕ್ಷದ್ವೀಪದಲ್ಲಿ 2020ರಲ್ಲಿ ಚೆರಿಯಪಾಣಿ ಹತ್ತಿರ 239 ಚದರ ಕಿಲೋಮೀಟರನ್ನು ಕಡಲಸೌತೆಗಳಿಗೆಂದೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಕಡಲಸೌತೆಗೆ ಅಂತಲೇ ಜಗತ್ತಿನಲ್ಲಿ ಅದು ಮೊದಲನೆಯದು. ಅಮೀನಿ, ಕಡಮತ್, ಬಿತ್ರ ದ್ವೀಪಗಳೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು, ಕೊಬ್ಬರಿ ಹೊತ್ತ ಅಲ್ಲಿನ ಓಡಗಳು ಮಂಗಳೂರು ಬಂದರಿಗೇ ಬರುತ್ತಿದ್ದವು. ಹಾಗಾಗಿ ಅಲ್ಲಿಗೆ ಹೋಗುವ ನಮ್ಮವರು ಪೂರ್ತಿ ಹೊರಗಿನವರೇನಲ್ಲ.

ಹೋಗುವವರಿಗೆ ಒಂದು ಮಾತು. ಮುಂದಿನ ಸಲ ಫೋಟೋ ಕಳಿಸುವುದಾದರೆ ಬೆನ್ನಿನದೊಂದೇ ಕಳಿಸಬೇಡಿ. ಪಕ್ಕದಿಂದ ಒಂದು, ಬಾಯಿಯ ತುದಿಯದೊಂದು, ಹಿಂಭಾಗದ್ದೊಂದು. ಗುದದ ಸುತ್ತ ಹಲ್ಲಿನಂಥ ಐದು ಬಿಳಿ ತುಣುಕು ಕಂಡರೆ ಅದು ಆಕ್ಟಿನೋಪೈಗಾ ಅನ್ನುವ ಬೇರೆ ಕುಲದ್ದು, ನನ್ನ ಕೆಲಸ ಅಲ್ಲಿಗೇ ಅರ್ಧ ಮುಗಿಯಿತು. ಪಕ್ಕದಲ್ಲಿ ನಿಮ್ಮ ಕೈ ಇರಲಿ, ಸೈಜು ತಿಳಿಯಲು. ಎಷ್ಟು ನೀರಿತ್ತು, ಮರಳೋ ಹುಲ್ಲೋ ಹವಳವೋ, ಹೊತ್ತು ಎಷ್ಟಾಗಿತ್ತು ಬರೆಯಿರಿ. ಹೊತ್ತು ಯಾಕೆಂದರೆ ಸ್ಕೇಬ್ರಾದ ಮರಿಗಳು ಬೆಳಗಾಗುತ್ತಿದ್ದಂತೆ ಮರಳಿಗಿಳಿದು ಸಂಜೆ ಹೊತ್ತಿಗೆ ಮೇಲೆ ಬರುತ್ತವೆ. ಮುಟ್ಟಬೇಡಿ, ಎತ್ತಬೇಡಿ, ಬಣ್ಣ ಬಿಡುತ್ತಾ ಅಂತ ಉಜ್ಜಿ ನೋಡಲೂ ಬೇಡಿ. ಎತ್ತಿ ಸೆಲ್ಫಿ ತೆಗೆದುಕೊಂಡು ಹಾಕಿದರೆ ಕಾಯ್ದೆಯ ಪ್ರಕಾರ ಅದೇ ನಿಮ್ಮ ವಿರುದ್ಧ ಸಾಕ್ಷಿ. ಇಷ್ಟೆಲ್ಲ ಕಳಿಸಿದ ಮೇಲೂ ನಾನು "ಹೊಲೊತೂರಿಯಾ, ಮುಂದಿನದು ಗೊತ್ತಾಗುತ್ತಿಲ್ಲ" ಅಂತ ಉತ್ತರ ಹಾಕಿದರೆ, ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಪ್ರಾಣಿಗೆ ಅದಕ್ಕಿಂತ ಸರಿಯಾದ ಲೇಬಲ್ ಆ ಫೋಟೋದಿಂದ ಬರೆಯಲು ಆಗುವುದಿಲ್ಲ, ಅಷ್ಟೇ.